ಅಮ್ಮನ ಅಯೋಡಿನ್ ಕ್ಯಾಪ್ಸೂಲ್‌ನ ಫ್ಲೈಟ್‌ಗೆ ಹಾಕಲಿಲ್ಲವಂತೆ, ಯಾಕೆ?

ಪ್ರಶ್ನೆ: ಸರ್, ನಾವು ಮಂಗಳೂರು ಹತ್ರದವರು. ಅಮ್ಮಂಗೆ ಥೈರಾಯ್ಡ್ ಕ್ಯಾನ್ಸರ್ ಆಪರೇಶನ್ ಆಗಿದೆ. ರೇಡಿಯೋ ಅಯೋಡಿನ್ ಕೊಡ್ಬೇಕು ಅಂತ ಥೈರಾಯ್ಡ್ ಮಾತ್ರೆ ನಿಲ್ಲಿಸಿ ಡೇಟ್ ಕೊಟ್ಟಿದ್ರು. ಹಿಂದಿನ ದಿನ ಆಸ್ಪತ್ರೆಯಿಂದ ಫೋನ್ ಬಂತು, ಮುಂಬೈಯಿಂದ ಬರೋ ಡೋಸ್ ಫ್ಲೈಟ್‌ಗೆ ಹಾಕಿಲ್ಲ, ಮುಂದಿನ ವಾರ ಬನ್ನಿ ಅಂದ್ರು. ಔಷಧೀನ ಯಾಕೆ ಹಂಗೆ ಬಿಟ್ಟು ಹೋಗ್ತಾರೆ? ಅದು ಅಷ್ಟು ಡೇಂಜರಾ? ನನ್ನ ತಮ್ಮ ಏರ್‌ಪೋರ್ಟ್‌ನಲ್ಲಿ ಲೋಡಿಂಗ್ ಕೆಲಸದಲ್ಲಿದಾನೆ, ಹಳದಿ ಲೇಬಲ್ ಬಾಕ್ಸ್ ನಾವೂ ಎತ್ತಿ ಹಾಕ್ತೀವಿ ಅಂತಾನೆ. ಅವನಿಗೆ, ಮೇಲೆ ಕೂತಿರೋ ಪ್ರಯಾಣಿಕರಿಗೆ ಏನೂ ಆಗಲ್ವಾ?

ಉತ್ತರ: ಮೊದಲು ನೇರ ಉತ್ತರ ಹೇಳ್ಬಿಡ್ತೀನಿ. ಸರಿಯಾಗಿ ಪ್ಯಾಕ್ ಆಗಿ ಲೇಬಲ್ ಹಚ್ಚಿರೋ ಆ ಬಾಕ್ಸಿಂದ ಪ್ರಯಾಣಿಕರಿಗೆ ತೊಂದ್ರೆ ಇಲ್ಲ, ನಿಮ್ಮ ತಮ್ಮನೂ ಒಂದೆರಡು ಅಭ್ಯಾಸ ಇಟ್ಕೊಂಡ್ರೆ ಅವನಿಗೂ ಇಲ್ಲ. ಬಾಕ್ಸ್ ಬಿಟ್ಟು ಹೋಗಿದ್ದು ಅಪಾಯ ಇತ್ತು ಅಂತ ಆಗಿರೋ ಸಾಧ್ಯತೆ ತುಂಬ ಕಮ್ಮಿ. ಇಡೀ ಕಥೆಯಲ್ಲಿ ನಿಜವಾಗ್ಲೂ ಕಷ್ಟ ಅನುಭವಿಸ್ತಿರೋರು ನಿಮ್ಮಮ್ಮ, ಅದು ರೇಡಿಯೇಶನ್ನಿಂದ ಅಲ್ಲ, ಒಂದು ವಾರ ಕಾಯ್ಬೇಕಾಗಿ ಬಂದಿದ್ದರಿಂದ. ಆಸ್ಪತ್ರೆಯಲ್ಲಿ ರೇಡಿಯೇಶನ್ ಸೇಫ್ಟಿ ಕೆಲಸ ಮಾಡ್ಕೊಂಡು ಬಂದಿರೋ ನನಗೆ ತುಂಬ ಹೊಟ್ಟೆ ಉರಿಸೋ ವಿಷಯ ಇದು, ಅದಕ್ಕೇ ಸ್ವಲ್ಪ ಉದ್ದಕ್ಕೆ ಬರೀತೀನಿ.

ಅಮ್ಮನ ಪರಿಸ್ಥಿತಿ ಏನು ಅಂತ ನೋಡಿ. ಥೈರಾಯ್ಡ್ ಗ್ರಂಥಿ ತೆಗೆದಾಗಿದೆ, ದಿನಾ ತಗೊಳ್ಳೋ ಥೈರಾಕ್ಸಿನ್ ಮಾತ್ರೆ ಮೂರ್ನಾಲ್ಕು ವಾರದಿಂದ ನಿಲ್ಲಿಸಿದಾರೆ. ಹಾಗೆ ನಿಲ್ಸಿದ್ರೇನೇ ರಕ್ತದಲ್ಲಿ ಟಿಎಸ್‌ಎಚ್ (ಥೈರಾಯ್ಡ್‌ನ ಕೆಲಸಕ್ಕೆ ಎಬ್ಬಿಸೋ ಹಾರ್ಮೋನ್) ಮೇಲೆ ಹೋಗೋದು, ಸಾಮಾನ್ಯವಾಗಿ 30 ದಾಟಬೇಕು ಅಂತ ಡಾಕ್ಟರ್‌ಗಳು ನೋಡ್ತಾರೆ, ಆಗ್ಲೇ ಉಳಿದಿರೋ ಥೈರಾಯ್ಡ್ ಜೀವಕೋಶಗಳು ಹಸಿದಂಗೆ ಅಯೋಡಿನ್ ಎಳ್ಕೊಳ್ಳೋದು. ಜೊತೆಗೆ ಅಯೋಡಿನ್ ಉಪ್ಪು, ಮೀನು ಎಲ್ಲ ಬಂದ್. ಮಂಗಳೂರು ಕಡೆಯವರಿಗೆ ಮೀನು ಬಿಡಿ ಅನ್ನೋದೇ ದೊಡ್ಡ ಶಿಕ್ಷೆ. ಈ ವಾರಗಳಲ್ಲಿ ಪೇಷಂಟ್‌ಗೆ ಸುಸ್ತು, ಚಳಿ, ಮುಖ ಊದೋದು, ಮಲಬದ್ಧತೆ, ಮನಸ್ಸೇ ಮಂಕಾಗೋದು ಎಲ್ಲ ಇರತ್ತೆ. ಅಂಥವರಿಗೆ "ಮುಂದಿನ ವಾರ ಬನ್ನಿ" ಅಂದ್ರೆ ಇನ್ನೊಂದು ವಾರ ಅದೇ ಸ್ಥಿತೀಲಿ ಇರಿ ಅಂತ ಅರ್ಥ. ಬಾಕ್ಸ್ ಬೇಡ ಅಂತ ಪಕ್ಕಕ್ಕೆ ಇಟ್ಟವರಿಗೆ ಇದು ಕಾಣಲ್ಲ, ಅವರ ಕಣ್ಣಿಗೆ ಕಾಣೋದು ಹಳದಿ ಲೇಬಲ್ಲು ಮತ್ತು ಕಪ್ಪು ಮೂರು ರೆಕ್ಕೆ ಗುರುತು ಮಾತ್ರ.

"ಲೇಟಾದ್ರೆ ಏನು, ನಾಳೆ ಫ್ಲೈಟ್‌ಗೆ ಹಾಕ್ಬಹುದಲ್ಲ" ಅಂತ ನೀವು ಕೇಳ್ಬಹುದು. ಕೆಲವು ಸಲ ಹಾಗೇ ಮಾಡ್ತಾರೆ. ಆದ್ರೆ ಈ ಔಷಧಿ ಗೋಡೌನ್‌ನಲ್ಲಿ ಇಟ್ರೂ ತಾನಾಗೇ ಕರಗ್ತಾ ಹೋಗತ್ತೆ. ಈ ರೇಡಿಯೋ ಅಯೋಡಿನ್ನಿನ ಪೂರ್ತಿ ಹೆಸರು ಅಯೋಡಿನ್-131, ಅದರ ಅರ್ಧಾಯುಷ್ಯ, ಅಂದ್ರೆ ಅರ್ಧಕ್ಕೆ ಇಳಿಯೋ ಸಮಯ, 8 ದಿನ. 100 ಮಿಲಿಕ್ಯೂರಿ (ಔಷಧಿಯ ರೇಡಿಯೋಆಕ್ಟಿವ್ ಶಕ್ತಿ ಅಳೆಯೋ ಮಾನ) ಕ್ಯಾಪ್ಸೂಲ್ ಒಂದು ದಿನ ಲೇಟಾದ್ರೆ 92ಕ್ಕೆ ಇಳಿಯತ್ತೆ, ಎರಡು ದಿನಕ್ಕೆ 84, ಒಂದು ವಾರ ಬಿಟ್ರೆ 55ರ ಹತ್ರ. ಅಷ್ಟರಲ್ಲಿ ನಿಮ್ಮಮ್ಮನಿಗೆ ಬರ್ದಿರೋ ಡೋಸೇ ಅಲ್ಲ ಅದು. ಅಯೋಡಿನ್ ಆದ್ರೂ ಪರವಾಗಿಲ್ಲ, ಸ್ಕ್ಯಾನ್‌ಗೆ ಬಳಸೋ ಟೆಕ್ನೀಶಿಯಂ ಅನ್ನೋ ರೇಡಿಯೋಆಕ್ಟಿವ್ ವಸ್ತು ಸಿಗೋದು ಮಾಲಿಬ್ಡಿನಂ-99 ತುಂಬಿರೋ ಜನರೇಟರ್ ಅನ್ನೋ ಡಬ್ಬಿಯಿಂದ, ಆ ಮಾಲಿಬ್ಡಿನಂನ ಅರ್ಧಾಯುಷ್ಯ 66 ಗಂಟೆ, ಒಂದೇ ದಿನ ತಡವಾದ್ರೆ ಶೇ. 22ರಷ್ಟು ಹೋಯ್ತು. ಪೆಟ್ ಸ್ಕ್ಯಾನ್‌ನ ಫ್ಲೋರಿನ್-18 ಬರೀ 110 ನಿಮಿಷ, ಫ್ಲೈಟ್ ಎರಡು ಗಂಟೆ ಡಿಲೇ ಅಂದ್ರೆ ಅರ್ಧಕ್ಕಿಂತ ಕಮ್ಮಿ ಉಳಿಯತ್ತೆ, ಆವತ್ತು ಕೂತ್ಕೊಂಡಿರೋ ಪೇಷಂಟ್‌ಗಳಲ್ಲಿ ಅರ್ಧ ಜನ ವಾಪಸ್. ಅದಕ್ಕೇ ಇದನ್ನ ವಿಮಾನದಲ್ಲೇ ಕಳಿಸ್ಬೇಕಾಗಿರೋದು, ಶೋಕಿಗೆ ಅಲ್ಲ. ಮುಂಬೈಯಿಂದ ಲಾರಿಲಿ ಘಾಟಿ ಇಳಿಸಿ ತರೋಷ್ಟು ಟೈಮ್ ಎಲ್ಲ ಐಸೊಟೋಪ್‌ಗೂ, ಅಂದ್ರೆ ಇಂಥ ರೇಡಿಯೋಆಕ್ಟಿವ್ ವಸ್ತುಗಳಿಗೂ, ಇಲ್ಲ.

ಇದು ಹುಟ್ಟೋದು ಎಲ್ಲಿ ಅಂದ್ರೆ, ನಮ್ಮ ದೇಶದಲ್ಲಿ ಅಯೋಡಿನ್-131 ಹೆಚ್ಚಾಗಿ ತಯಾರಾಗೋದು ಮುಂಬೈನ ಟ್ರಾಂಬೆಯಲ್ಲಿರೋ ಧ್ರುವ ರಿಯಾಕ್ಟರ್‌ನಲ್ಲಿ. ಟೆಲ್ಯೂರಿಯಂನ ರಿಯಾಕ್ಟರ್ ಒಳಗಿಟ್ಟು ನ್ಯೂಟ್ರಾನ್ ಬಡಿಸಿ, ಆಮೇಲೆ ಅಯೋಡಿನ್ ಬೇರ್ಪಡಿಸ್ತಾರೆ. ಪರಮಾಣು ಶಕ್ತಿ ಇಲಾಖೆಯದ್ದೇ ಆದ ಬ್ರಿಟ್ ಅನ್ನೋ ಸಂಸ್ಥೆ ನವಿ ಮುಂಬೈನ ವಾಶಿಯಲ್ಲಿದೆ, ಅಲ್ಲಿ ಔಷಧಿ ರೂಪಕ್ಕೆ ತಂದು ಪ್ಯಾಕ್ ಮಾಡಿ ದೇಶದ ಆಸ್ಪತ್ರೆಗಳಿಗೆ ಕಳಿಸ್ತಾರೆ. ಸ್ವಲ್ಪ ಹೊರದೇಶದಿಂದಲೂ ಬರತ್ತೆ. ಮಾಲಿಬ್ಡಿನಂ ಅಂತೂ ಇಡೀ ಜಗತ್ತಿಗೆ ಬೆರಳೆಣಿಕೆಯಷ್ಟು ರಿಯಾಕ್ಟರ್‌ಗಳಿಂದ ಹೋಗೋದು, ನೆದರ್ಲೆಂಡ್ಸ್‌ನ ಪೆಟೆನ್, ಬೆಲ್ಜಿಯಂನ ಮೋಲ್, ದಕ್ಷಿಣ ಆಫ್ರಿಕಾದ ಪೆಲಿಂಡಾಬಾ, ಆಸ್ಟ್ರೇಲಿಯಾದ ಓಪಲ್ ಹೀಗೆ. ಕೆನಡಾದ ಚಾಕ್ ರಿವರ್ ರಿಯಾಕ್ಟರ್ 2009ರ ಮೇ ತಿಂಗಳಲ್ಲಿ ಕೆಟ್ಟು ಒಂದು ವರ್ಷಕ್ಕೂ ಮೇಲೆ ನಿಂತಾಗ, ಮಧ್ಯದಲ್ಲಿ ಪೆಟೆನ್ ಕೂಡ ರಿಪೇರಿಗೆ ಮುಚ್ಚಿದಾಗ, ಬೇರೆಬೇರೆ ದೇಶದ ಆಸ್ಪತ್ರೆಗಳಲ್ಲಿ ಸ್ಕ್ಯಾನ್ ಮುಂದಕ್ಕೆ ಹಾಕಿದ್ರು. ಸಪ್ಲೈ ಮೊದಲೇ ಇಷ್ಟು ಬಿಗಿ. ಅದರ ಮೇಲೆ ಏರ್‌ಪೋರ್ಟ್‌ನಲ್ಲಿ ಒಬ್ಬರು ಕೈ ಚೆಲ್ಲಿದ್ರೆ ಮುಗೀತು.

ಈಗ ಬಾಕ್ಸ್ ವಿಷಯಕ್ಕೆ ಬರೋಣ, ಅಸಲಿ ಸಂಗತಿ ಇಲ್ಲಿದೆ. ಜನ ಅಂದ್ಕೊಳ್ಳೋದು ಸೇಫ್ಟಿ ಅಂದ್ರೆ ವಿಮಾನದವರು ಎಚ್ಚರಿಕೆಯಿಂದ ಒಯ್ಯೋದು ಅಂತ. ಈ ನಿಯಮ ಬರೆದವರು ಅದನ್ನ ನಂಬ್ಕೊಂಡು ಬರೀಲಿಲ್ಲ. ಅವರು ಶುರು ಮಾಡಿದ್ದೇ "ಬಾಕ್ಸ್ ಬೀಳತ್ತೆ, ನೆನೆಯತ್ತೆ, ಅದರ ಮೇಲೆ ಭಾರ ಹೇರ್ತಾರೆ, ಚೂಪಾದ್ದು ಚುಚ್ಚತ್ತೆ" ಅಂತ ಇಟ್ಕೊಂಡು. ಹಾಗಾಗಿ ಸುರಕ್ಷತೆ ಎಲ್ಲ ಬಾಕ್ಸ್ ಒಳಗೇ ಕಟ್ಟಿರೋದು. ನಿಮ್ಮಮ್ಮನ ಕ್ಯಾಪ್ಸೂಲ್ ಬರೋದು ಟೈಪ್ ಎ ಅನ್ನೋ ಪ್ಯಾಕೇಜ್‌ನಲ್ಲಿ. ಒಳಗೆ ವಯಲ್, ಅದು ದಪ್ಪ ಸೀಸದ ಡಬ್ಬಿಯಲ್ಲಿ, ಅದರ ಸುತ್ತ ಥರ್ಮೋಕೋಲ್ ಅಥವಾ ಫೋಮ್, ಹೊರಗೆ ಗಟ್ಟಿ ಕಾರ್ಟನ್ನು ಇಲ್ಲ ತಗಡಿನ ಡಬ್ಬ, ಯಾರಾದ್ರೂ ಬಿಚ್ಚಿದ್ರೆ ಗೊತ್ತಾಗೋ ಥರ ಸೀಲು. ಬಾಕ್ಸ್ ಚಿಕ್ಕದಾದ್ರೂ ಎತ್ತಿದ್ರೆ ಅಬ್ಬಾ ಅನ್ನೋ ಭಾರ ಇರೋದು ಈ ಸೀಸದಿಂದ.

ಈ ಡಿಸೈನ್‌ನ ಸ್ಯಾಂಪಲ್ ತಗೊಂಡು ಪರೀಕ್ಷೆ ಮಾಡ್ತಾರೆ. ಗಂಟೆಗೆ 5 ಸೆಂಟಿಮೀಟರ್ ಮಳೆ ಬಂದಂಗೆ ಒಂದು ಗಂಟೆ ನೀರು ಹೊಯ್ತಾರೆ. ಆಮೇಲೆ 1.2 ಮೀಟರ್ ಎತ್ತರದಿಂದ, ಯಾವ ಮೂಲೆ ಮೇಲೆ ಬಿದ್ರೆ ಜಾಸ್ತಿ ಪೆಟ್ಟಾಗತ್ತೋ ಆ ಮೂಲೆ ಮೇಲೇ ಬೀಳೋ ಥರ ಗಟ್ಟಿ ನೆಲಕ್ಕೆ ಬಿಡ್ತಾರೆ. ಬಾಕ್ಸ್ ತೂಕದ ಐದು ಪಟ್ಟು ಭಾರ 24 ಗಂಟೆ ಹೇರ್ತಾರೆ. 6 ಕೆಜಿ ಕಬ್ಬಿಣದ ಸರಳನ್ನ ಒಂದು ಮೀಟರ್ ಮೇಲಿಂದ ನೆಟ್ಟಗೆ ಬೀಳಿಸ್ತಾರೆ. ಇಷ್ಟಾದ್ಮೇಲೂ ಒಳಗಿನದ್ದು ಹೊರಗೆ ಬರ್ಬಾರದು, ಮೇಲ್ಮೈ ರೇಡಿಯೇಶನ್ ಶೇ. 20ಕ್ಕಿಂತ ಜಾಸ್ತಿ ಏರ್ಬಾರದು. ಒಳಗೆ ದ್ರವ ಇದ್ರೆ ಇನ್ನೂ ಕಟ್ಟುನಿಟ್ಟು, 9 ಮೀಟರ್‌ನಿಂದ ಬೀಳಿಸ್ತಾರೆ, ಅಂದ್ರೆ ಹೆಚ್ಚುಕಮ್ಮಿ ಮೂರನೇ ಮಹಡಿಯಿಂದ, ಜೊತೆಗೆ ಒಳಗಿರೋ ದ್ರವದ ಎರಡು ಪಟ್ಟು ಹೀರ್ಕೊಳ್ಳೋ ವಸ್ತು ಇಡ್ಬೇಕು, ಇಲ್ಲಾ ಒಂದರೊಳಗೊಂದು ಎರಡು ಕಂಟೈನರ್ ಇರ್ಬೇಕು. ವಿಮಾನಕ್ಕೆ ಅಂತಾನೇ ಇನ್ನೊಂದಷ್ಟು ಇದೆ. ಮೈನಸ್ 40ರಿಂದ 55 ಡಿಗ್ರಿವರೆಗೆ ಬಾಕ್ಸ್ ತಡ್ಕೋಬೇಕು. ಎತ್ತರದಲ್ಲಿ ಗಾಳಿ ಒತ್ತಡ ಪೂರ್ತಿ ಹೋದಂಗಾದ್ರೂ ಸೋರ್ಬಾರದು ಅಂತ 95 ಕಿಲೋಪಾಸ್ಕಲ್ ಒತ್ತಡ ವ್ಯತ್ಯಾಸಕ್ಕೆ ಲೆಕ್ಕ ಹಾಕಿರ್ತಾರೆ. ಸಾಮಾನ್ಯ ಫ್ಲೈಟ್‌ನಲ್ಲಿ ಲಗೇಜ್ ಹೋಲ್ಡ್‌ಗೂ (ಕೆಳಗೆ ಸರಕು ಇಡೋ ಜಾಗ) ಪ್ರೆಶರ್ ಇರತ್ತೆ, ಆದ್ರೂ ಅದು ಇರಲ್ಲ ಅಂತಾನೇ ಇಟ್ಕೊಂಡು ಡಿಸೈನ್ ಮಾಡೋದು.

ಅಷ್ಟೇ ಅಲ್ಲ, ಟೈಪ್ ಎ ಒಳಗೆ ಎಷ್ಟು ಹಾಕ್ಬಹುದು ಅನ್ನೋದಕ್ಕೆ ಪ್ರತಿ ಐಸೊಟೋಪ್‌ಗೂ ಮಿತಿ ಇದೆ. ಆ ಮಿತಿ ಲೆಕ್ಕ ಹಾಕಿರೋ ರೀತಿ ನನಗೆ ಬಹಳ ಇಷ್ಟ. ದೊಡ್ಡ ಅಪಘಾತ ಆಗಿ ಬಾಕ್ಸ್ ಪೂರ್ತಿ ಒಡೆದೇ ಹೋಯ್ತು, ಪಕ್ಕದಲ್ಲಿ ಒಬ್ಬ ಮನುಷ್ಯ ಅರ್ಧ ಗಂಟೆ ಇದ್ದ, ಆಗ್ಲೂ ಅವನಿಗೆ 50 ಮಿಲಿಸೀವರ್ಟ್ (ಮೈಗೆ ತಾಗೋ ರೇಡಿಯೇಶನ್ ಅಳೆಯೋ ಮಾನ, ಒಂದು ಮಿಲಿಸೀವರ್ಟ್ ಅಂದ್ರೆ 1000 ಮೈಕ್ರೋಸೀವರ್ಟ್) ದಾಟ್ಬಾರದು, ಹಾಗಾದ್ರೆ ಒಳಗೆ ಎಷ್ಟಿರ್ಬಹುದು ಅಂತ ಹಿಂದಕ್ಕೆ ಲೆಕ್ಕ ಹಾಕ್ತಾ ಬಂದು ನಿಗದಿ ಮಾಡಿರೋದು. ಕ್ಯಾಪ್ಸೂಲ್ ರೂಪದ ಅಯೋಡಿನ್-131ಗೆ ಆ ಮಿತಿ 700 ಗಿಗಾಬೆಕ್ವೆರೆಲ್, ಇದು ಮಿಲಿಕ್ಯೂರಿ ಥರದ್ದೇ ಇನ್ನೊಂದು ಮಾನ. ನಿಮ್ಮಮ್ಮನ 100 ಮಿಲಿಕ್ಯೂರಿ ಡೋಸ್ ಅಂದ್ರೆ 3.7 ಗಿಗಾಬೆಕ್ವೆರೆಲ್, ಅಂದ್ರೆ ಮಿತಿಯ ಸುಮಾರು 190ನೇ ಒಂದು ಭಾಗ.  

ಹಳದಿ ಲೇಬಲ್‌ನ ಓದೋದು ಹೇಗೆ ಅಂತ ತಮ್ಮನಿಗೆ ಹೇಳಿ, ಅವನಿಗೆ ಉಪಯೋಗಕ್ಕೆ ಬರತ್ತೆ. ಮೂರು ಥರ ಇದೆ. ಪೂರ್ತಿ ಬಿಳಿ, ಒಂದು ಕೆಂಪು ಗೆರೆ ಇದ್ರೆ ಬಾಕ್ಸ್ ಮುಟ್ಟೋ ಜಾಗದಲ್ಲೂ ಗಂಟೆಗೆ 5 ಮೈಕ್ರೋಸೀವರ್ಟ್ ದಾಟಲ್ಲ, ಏನೇನೂ ಇಲ್ಲ ಅನ್ನಿ. ಮೇಲೆ ಹಳದಿ, ಎರಡು ಕೆಂಪು ಗೆರೆ ಇದ್ರೆ ಮೇಲ್ಮೈ ಮೇಲೆ ಗಂಟೆಗೆ 500 ಮೈಕ್ರೋಸೀವರ್ಟ್‌ವರೆಗೆ ಇರ್ಬಹುದು. ಮೂರು ಗೆರೆ ಇದ್ರೆ 2000ವರೆಗೆ. ಹಳದಿ ಲೇಬಲ್‌ನಲ್ಲಿ ಒಂದು ಚಿಕ್ಕ ಚೌಕದಲ್ಲಿ ಟಿಐ ಅಂತ ನಂಬರ್ ಬರ್ದಿರ್ತಾರೆ, ಟ್ರಾನ್ಸ್‌ಪೋರ್ಟ್ ಇಂಡೆಕ್ಸ್. ಇದೇ ಎಲ್ಲಕ್ಕಿಂತ ಮುಖ್ಯ. ಟಿಐ 1 ಅಂದ್ರೆ ಬಾಕ್ಸಿಂದ ಒಂದು ಮೀಟರ್ ದೂರದಲ್ಲಿ ಗಂಟೆಗೆ 10 ಮೈಕ್ರೋಸೀವರ್ಟ್, 0.5 ಅಂದ್ರೆ 5. ಎರಡು ಗೆರೆ ಲೇಬಲ್‌ಗೆ ಟಿಐ 1 ದಾಟೋ ಹಾಗಿಲ್ಲ, ಮೂರು ಗೆರೆಗೆ 10. ವಿಮಾನದಲ್ಲಿರೋ ಎಲ್ಲ ಬಾಕ್ಸ್‌ಗಳ ಟಿಐ ಕೂಡಿಸಿ ಪ್ರಯಾಣಿಕರ ವಿಮಾನದಲ್ಲಿ 50ಕ್ಕೆ, ಕಾರ್ಗೋ ವಿಮಾನದಲ್ಲಿ 200ಕ್ಕೆ ಮಿತಿ. ಕೂಡಿಸಿದ ಟಿಐ ನೋಡ್ಕೊಂಡು ಪ್ರಯಾಣಿಕರ ಜಾಗದಿಂದ ಎಷ್ಟು ದೂರ ಇಡ್ಬೇಕು ಅಂತ ಟೇಬಲ್ಲೇ ಇದೆ, ಟಿಐ 1ರವರೆಗೆ ಕನಿಷ್ಠ 30 ಸೆಂಟಿಮೀಟರ್, 3ರವರೆಗೆ 70, ಹೀಗೆ ಏರ್ತಾ ಹೋಗತ್ತೆ, ಬಾಕ್ಸ್‌ನ ಮೇಲ್ಭಾಗದಿಂದ ಕ್ಯಾಬಿನ್ ನೆಲದವರೆಗೆ ಅಳೀತಾರೆ. ಹಾಗಾಗಿ ಇದನ್ನ ಹೋಲ್ಡ್‌ನ ನೆಲದ ಮೇಲೇ ಇಡ್ಬೇಕು, ಸೂಟ್‌ಕೇಸ್ ರಾಶಿ ಮೇಲೆ ಹತ್ತಿಸೋ ಹಾಗಿಲ್ಲ.

ಪ್ರಯಾಣಿಕರ ಲೆಕ್ಕ ನೀವೇ ಮಾಡಿ ನೋಡಿ. ಟಿಐ 1 ಬಾಕ್ಸ್ ಕೆಳಗಿದೆ, ಮೇಲೆ ಕೂತವರ ದೇಹ ಸುಮಾರು ಎರಡು ಮೀಟರ್ ದೂರ. ದೂರ ಎರಡು ಪಟ್ಟಾದ್ರೆ ರೇಡಿಯೇಶನ್ ನಾಲ್ಕನೇ ಒಂದು ಭಾಗ ಆಗತ್ತೆ, ಅಂದ್ರೆ ಗಂಟೆಗೆ 2.5 ಮೈಕ್ರೋಸೀವರ್ಟ್. ಮುಂಬೈ ಮಂಗಳೂರು ಒಂದೂವರೆ ಗಂಟೆಗೆ ನಾಲ್ಕರ ಒಳಗೆ ಬಂತು, ಅದೂ ಮಧ್ಯದ ನೆಲ, ಲಗೇಜ್ ತಡೆಯೋದನ್ನ ಲೆಕ್ಕಕ್ಕೇ ಹಿಡಿದಿಲ್ಲ, ಸರಿಯಾಗಿ ಬಾಕ್ಸ್ ಮೇಲೇ ಇರೋ ಸೀಟಿನವರಿಗೆ ಮಾತ್ರ. ಎದೆಯ ಎಕ್ಸ್‌ರೇ ಒಂದಕ್ಕೆ ಸುಮಾರು 20 ಮೈಕ್ರೋಸೀವರ್ಟ್. ಇನ್ನೂ ಒಂದು ಮಾತು, ಅಷ್ಟು ಎತ್ತರದಲ್ಲಿ ಆಕಾಶದಿಂದ ಬರೋ ಕಾಸ್ಮಿಕ್ ಕಿರಣಗಳೇ ನಮ್ಮ ಕಡೆ ಅಕ್ಷಾಂಶದಲ್ಲಿ ಗಂಟೆಗೆ ಎರಡು ಮೂರು ಮೈಕ್ರೋಸೀವರ್ಟ್ ಕೊಡತ್ವೆ, ಬಾಕ್ಸ್ ಇರ್ಲಿ ಬಿಡ್ಲಿ. ಬಾಕ್ಸ್‌ನ ಇಳಿಸಿ ಹೋದ ಫ್ಲೈಟ್‌ನಲ್ಲಿ ಕೂತವರು ಅದನ್ನಂತೂ ತಗೊಂಡೇ ಹೋದ್ರು.

ಇಲ್ಲಿ ಒಂದು ಗೊಂದಲ ಬಿಡಿಸ್ಲೇಬೇಕು, ಅರ್ಧ ಭಯ ಬರೋದು ಇದರಿಂದಾನೇ. ಸೀಸದ ಡಬ್ಬಿಯಿಂದ ಸ್ವಲ್ಪ ಗಾಮಾ ಕಿರಣ ಹೊರಗೆ ಬರೋದು ಬೇರೆ, ಒಳಗಿನ ವಸ್ತು ಸೋರಿ ಹೊರಗೆ ಬರೋದು ಬೇರೆ. ಬಲ್ಬಿನ ಬೆಳಕು ಮೈಮೇಲೆ ಬಿದ್ರೆ ನೀವು ಬಲ್ಬ್ ಆಗಲ್ಲ, ದೂರ ಹೋದ್ರೆ ಬೆಳಕೂ ಹೋಯ್ತು. ಹಾಗೇನೇ ಆ ಬಾಕ್ಸ್ ಪಕ್ಕದಲ್ಲಿದ್ದ ಸೂಟ್‌ಕೇಸು, ತರಕಾರಿ, ಬಟ್ಟೆ ಯಾವುದೂ ರೇಡಿಯೋಆಕ್ಟಿವ್ ಆಗಲ್ಲ. ರೇಡಿಯೇಶನ್ ಅಳೆಯೋ ಮೀಟರ್ ಹಿಡಿದಾಗ ಟಿಕ್ ಟಿಕ್ ಅಂದ್ರೆ ಸೋರಿದೆ ಅಂತ ಅಲ್ಲ, ಹಳದಿ ಲೇಬಲ್ ಬಾಕ್ಸ್ ಅಂದ್ಮೇಲೆ ಮೀಟರ್ ಟಿಕ್ ಅನ್ನಲೇಬೇಕು. ಸೋರಿದ್ಯಾ ಅಂತ ಗೊತ್ತಾಗ್ಬೇಕಾದ್ರೆ ಹೊರಮೈಯನ್ನ ಬಟ್ಟೆ ಅಥವಾ ಪೇಪರ್‌ನಲ್ಲಿ ಒರೆಸಿ ಅದನ್ನ ಬೇರೆ ಕಡೆ ಅಳೀಬೇಕು, ವೈಪ್ ಟೆಸ್ಟ್ ಅಂತೀವಿ. ಕಳಿಸೋ ಮುಂಚೆ ಮಾಡ್ತಾರೆ, ಆಸ್ಪತ್ರೆಗೆ ಬಂದ ತಕ್ಷಣ ಹಾಟ್ ಲ್ಯಾಬ್‌ನಲ್ಲಿ, ಅಂದ್ರೆ ರೇಡಿಯೋಆಕ್ಟಿವ್ ಔಷಧಿ ಇಡೋ ಕೋಣೆಯಲ್ಲಿ, ನಾವೂ ಮಾಡ್ತೀವಿ.

ಹಾಗಂತ ಯಾವತ್ತೂ ಏನೂ ಆಗಿಲ್ಲ ಅಂತ ನಾನು ಹೇಳಲ್ಲ. ಅಮೆರಿಕದಲ್ಲಿ 1971ರ ಡಿಸೆಂಬರ್ 31ರಂದು ಒಂದು ಪ್ರಯಾಣಿಕರ ವಿಮಾನದ ಹೋಲ್ಡ್‌ನಲ್ಲಿ ದ್ರವರೂಪದ ಮಾಲಿಬ್ಡಿನಂ ಸೋರಿತ್ತು, ಅದು ಗೊತ್ತಾಗೋದ್ರೊಳಗೆ ಆ ವಿಮಾನ ಇನ್ನೂ ಹಲವು ಟ್ರಿಪ್ ಹೋಗಿ ಬಂದಿತ್ತು. 1974ರಲ್ಲಿ ಇನ್ನೊಂದು, ಇರಿಡಿಯಂ ಮೂಲಕ್ಕೆ ಶೀಲ್ಡಿಂಗ್ ಸರಿಯಾಗಿ ಇಲ್ದೇ ಪ್ರಯಾಣಿಕರ ವಿಮಾನದಲ್ಲೇ ಹೋಯ್ತು. ದ್ರವಕ್ಕೆ ಹೀರ್ಕೊಳ್ಳೋ ವಸ್ತು, ಕಳಿಸೋ ಮುಂಚೆ ಮೀಟರ್ ಹಿಡಿದು ಅಳೆಯೋದು ಇವೆಲ್ಲ ಯಾಕೆ ಬೇಕು ಅಂತ ಅನುಮಾನ ಇದ್ದವರಿಗೆ ಈ ಎರಡು ಘಟನೆ ಸಾಕು. ಆಮೇಲೆ ಅಮೆರಿಕ 1975ರ ಕಾನೂನಿನಲ್ಲಿ ಪ್ರಯಾಣಿಕರ ವಿಮಾನದಲ್ಲಿ ಔಷಧಿ ಮತ್ತು ಸಂಶೋಧನೆಗೆ ಬೇಕಾದ ರೇಡಿಯೋಆಕ್ಟಿವ್ ಮಾತ್ರ ಒಯ್ಬಹುದು ಅಂತ ಬಿಗಿ ಮಾಡ್ತು. ಗಮನಿಸಿ, ಅಂಥ ಸಿಟ್ಟಿನ ಕಾಲದಲ್ಲೂ ಔಷಧೀನ ನಿಷೇಧ ಮಾಡ್ಲಿಲ್ಲ, ಬೇರೆಯದ್ದನ್ನ ತೆಗೆದು ಔಷಧಿಗೆ ದಾರಿ ಬಿಟ್ರು. ಅಂತರರಾಷ್ಟ್ರೀಯವಾಗಿ ಐಎಇಎ (ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆ) 1961ರಲ್ಲೇ ಸಾಗಣೆ ನಿಯಮ ತಂದು ಆವಾಗಾವಾಗ ತಿದ್ದುತ್ತಾ ಬಂದಿದೆ, ವಿಮಾನಕ್ಕೆ ಅದನ್ನೇ ಐಕಾವೋ ಅನ್ನೋ ಅಂತರರಾಷ್ಟ್ರೀಯ ವಿಮಾನಯಾನ ಸಂಸ್ಥೆ ಅಳವಡಿಸ್ಕೊಂಡಿದೆ, ನಮ್ಮಲ್ಲಿ ಎಇಆರ್‌ಬಿ (ಪರಮಾಣು ಶಕ್ತಿ ನಿಯಂತ್ರಣ ಮಂಡಳಿ) ಮತ್ತು ಡಿಜಿಸಿಎ (ನಾಗರಿಕ ವಿಮಾನಯಾನ ನಿರ್ದೇಶನಾಲಯ) ನೋಡ್ಕೊಳ್ತಾರೆ.

ನಮ್ಮ ದೇಶದ ಎರಡು ಸುದ್ದಿ ನಿಮಗೂ ನೆನಪಿರ್ಬಹುದು. 2015ರ ಮೇ 29ರಂದು ದೆಹಲಿ ಏರ್‌ಪೋರ್ಟ್‌ನ ಕಾರ್ಗೋದಲ್ಲಿ ರೇಡಿಯೋಆಕ್ಟಿವ್ ಸೋರಿಕೆ ಅಂತ ಟಿವಿಗಳಲ್ಲಿ ಬೆಳಗ್ಗೆಯಿಂದ ಬ್ರೇಕಿಂಗ್ ನ್ಯೂಸ್. ಟರ್ಕಿಯಿಂದ ಆಸ್ಪತ್ರೆಗೆ ಬಂದಿದ್ದ ಇದೇ ಅಯೋಡಿನ್ ಔಷಧಿ ಅದು. ಎಇಆರ್‌ಬಿಯವರು ನೋಡಿದ್ರೆ ಬಾಕ್ಸ್ ಹೊರಗೆ ಒದ್ದೆ ಆಗಿದ್ದು ಬೇರೆ ಕನ್ಸೈನ್‌ಮೆಂಟ್‌ನ ದ್ರವದಿಂದ, ಔಷಧಿ ಸೋರಿರಲೇ ಇಲ್ಲ. 2024ರ ಆಗಸ್ಟ್ 17ರಂದು ಲಖನೌ ಏರ್‌ಪೋರ್ಟ್‌ನಲ್ಲಿ ಕ್ಯಾನ್ಸರ್ ಔಷಧಿ ಬಾಕ್ಸ್ ಮುಂದೆ ಅಲಾರಂ ಹೊಡೀತು, ವಿಪತ್ತು ಪಡೆ ಎನ್‌ಡಿಆರ್‌ಎಫ್ ಬಂತು, ಜಾಗ ಖಾಲಿ ಮಾಡಿಸಿದ್ರು, ಕೊನೆಗೆ ಸೋರಿಕೆ ಇಲ್ಲ ಅಂತಾಯ್ತು. ಎಚ್ಚರಿಕೆ ತಗೊಂಡಿದ್ದು ತಪ್ಪು ಅಂತ ನಾನು ಯಾವತ್ತೂ ಹೇಳಲ್ಲ, ಅನುಮಾನ ಬಂದ್ರೆ ನಿಲ್ಲಿಸ್ಲೇಬೇಕು. ಬೇಜಾರು ಏನಂದ್ರೆ "ಸೋರಿಕೆ" ಅನ್ನೋದು ದೊಡ್ಡ ಅಕ್ಷರದಲ್ಲಿ ಊರೆಲ್ಲ ಹರಡತ್ತೆ, "ಸೋರಿಲ್ಲ" ಅನ್ನೋದು ಸಂಜೆ ಒಂದು ಸಾಲಲ್ಲಿ ಮುಗಿಯತ್ತೆ, ಮಾರನೇ ದಿನದಿಂದ ಲೋಡಿಂಗ್‌ನವರಿಗೆ ಹಳದಿ ಲೇಬಲ್ ಅಂದ್ರೆ ಮೊದಲ ಸುದ್ದಿಯೇ ನೆನಪಾಗತ್ತೆ.

ಹಾಗಾದ್ರೆ ನಿಮ್ಮಮ್ಮನ ಬಾಕ್ಸ್ ಯಾಕೆ ಹತ್ತಲಿಲ್ಲ? ನಿಮ್ಮ ಕೇಸ್‌ನಲ್ಲಿ ಇದೇ ಅಂತ ನಾನು ಇಲ್ಲಿ ಕೂತು ಹೇಳಕ್ಕಾಗಲ್ಲ, ಸಾಮಾನ್ಯವಾಗಿ ಏನಾಗತ್ತೆ ಅಂತ ಹೇಳ್ತೀನಿ. ಮೊದಲನೇದು ಪೇಪರ್. ಕಳಿಸೋರು ಡೇಂಜರಸ್ ಗೂಡ್ಸ್ ಡಿಕ್ಲರೇಶನ್ ಕೊಡ್ಬೇಕು, ಕೆಂಪು ಪಟ್ಟೆ ಅಂಚಿರೋ ಕಾಗದ, ಅದರಲ್ಲಿ ಐಸೊಟೋಪ್ ಹೆಸರು, ಎಷ್ಟು ಬೆಕ್ವೆರೆಲ್, ಲೇಬಲ್ ಯಾವುದು, ಟಿಐ ಎಷ್ಟು, ಯುಎನ್ 2915 ಅಂತ ನಂಬರ್, ಎಲ್ಲ ಇರತ್ತೆ. ಲೇಬಲ್ ಮೇಲೆ ಟಿಐ 0.6, ಕಾಗದದಲ್ಲಿ 0.5 ಅಂತಿದ್ರೂ ಕಾರ್ಗೋದವರು ವಾಪಸ್ ಕಳಿಸ್ತಾರೆ, ಕಳಿಸಲೇಬೇಕು, ಅದರಲ್ಲಿ ಅವರ ತಪ್ಪಿಲ್ಲ. ಎರಡನೇದು ಕ್ಯಾಪ್ಟನ್. ಹೊರಡೋ ಮುಂಚೆ ನೊಟೊಕ್ ಅಂತ ಒಂದು ಶೀಟ್ ಕ್ಯಾಪ್ಟನ್ ಕೈಗೆ ಕೊಡ್ತಾರೆ, ಯಾವ ಅಪಾಯಕಾರಿ ಸರಕು ಯಾವ ಹೋಲ್ಡ್‌ನಲ್ಲಿದೆ ಅಂತ. ಬೇಡ ಅನ್ನೋ ಅಧಿಕಾರ ಅವರಿಗಿದೆ. ಬಹಳಷ್ಟು ಪೈಲಟ್‌ಗಳು ನೋಡಿ ಸೈನ್ ಹಾಕ್ತಾರೆ, ಕೆಲವರು ಇಳಿಸಿ ಅಂತಾರೆ. ಇನ್ನು ಕೆಲವು ಏರ್‌ಲೈನ್‌ಗಳು ಕ್ಲಾಸ್ 7 ಸರಕು, ಅಂದ್ರೆ ರೇಡಿಯೋಆಕ್ಟಿವ್, ತಗೊಳ್ಳೋದೇ ಇಲ್ಲ, ಸ್ಟಾಫ್‌ಗೆ ಟ್ರೈನಿಂಗ್ ಕೊಡೋ ಖರ್ಚು, ತಲೆನೋವು ಯಾಕೆ ಅಂತ. ಜೊತೆಗೆ ಮಾಮೂಲಿ ಕಾರಣಗಳೂ ಇದಾವೆ, ಹೋಲ್ಡ್‌ನಲ್ಲಿ ಜಾಗ ಇರಲ್ಲ, ಪ್ರಯಾಣಿಕರ ಲಗೇಜ್ ಜಾಸ್ತಿ ಆಯ್ತು, ಜೀವಂತ ಪ್ರಾಣಿ ಇದೆ ದೂರ ಇಡ್ಬೇಕು ಆದ್ರೆ ಅಷ್ಟು ಉದ್ದ ಇಲ್ಲ. ಸಣ್ಣ ವಿಮಾನ ಓಡೋ ರೂಟ್‌ಗಳಲ್ಲಿ ಇದು ಇನ್ನೂ ಕಷ್ಟ, ಬೆಂಗಳೂರಿಗೆ ದಿನಕ್ಕೆ ಎಷ್ಟೋ ಫ್ಲೈಟ್ ಇದೆ, ಒಂದು ತಪ್ಪಿದ್ರೆ ಇನ್ನೊಂದು, ಉಳಿದ ಊರುಗಳಿಗೆ ಆ ಅನುಕೂಲ ಇಲ್ಲ. ಹಾಗಾಗಿ ಭಯದ ಬೆಲೆಯನ್ನ ಜಾಸ್ತಿ ತೆರೋರು ದೊಡ್ಡ ಊರಿಂದ ದೂರ ಇರೋ ಪೇಷಂಟ್‌ಗಳೇ.

ಇದು ನಮ್ಮಲ್ಲಿ ಮಾತ್ರ ಅಲ್ಲ. ನಿಯಮದ ಪ್ರಕಾರ ಎಲ್ಲ ಸರಿ ಇದ್ರೂ ಒಯ್ಯಲ್ಲ ಅನ್ನೋದು ಎಷ್ಟು ಹೆಚ್ಚಾಯ್ತು ಅಂದ್ರೆ ಐಎಇಎ 2006ರಲ್ಲಿ ಇದಕ್ಕೆ ಅಂತಾನೇ ಒಂದು ಅಂತರರಾಷ್ಟ್ರೀಯ ಸಮಿತಿ ಮಾಡ್ತು. ನನ್ನ ಅಭಿಪ್ರಾಯ ಕೇಳಿದ್ರೆ, ನಿಯಮ ಇನ್ನೂ ಬಿಗಿ ಮಾಡೋದ್ರಿಂದ ಇದು ಸರಿ ಹೋಗಲ್ಲ. ಬಾಕ್ಸ್ ಎತ್ತೋ ಹುಡುಗರಿಂದ ಕ್ಯಾಪ್ಟನ್‌ವರೆಗೆ ಲೇಬಲ್ ಓದೋದು ಕಲಿಸ್ಬೇಕು, ಅವರ ಕೈಯಲ್ಲೇ ಮೀಟರ್ ಕೊಟ್ಟು ಅಳೆದು ನೋಡಕ್ಕೆ ಬಿಡ್ಬೇಕು. ಒಂದು ಮೀಟರ್ ಹಿಂದೆ ಸರಿದಾಗ ಮುಳ್ಳು ಹೇಗೆ ಬೀಳತ್ತೆ ಅಂತ ಕಣ್ಣಾರೆ ನೋಡಿದವರು ಆಮೇಲೆ ಅನಾವಶ್ಯಕ ಹೆದರಲ್ಲ, ಹಾಗೇ ಬೇಕಾಬಿಟ್ಟಿಯಾಗೂ ಎಸೆಯಲ್ಲ.

ಈಗ ತಮ್ಮನ ವಿಷಯ. ಟಿಐ 1 ಬಾಕ್ಸ್ ಹತ್ರ, ಒಂದು ಮೀಟರ್ ಅಂತರದಲ್ಲಿ ಐದು ನಿಮಿಷ ಕೆಲಸ ಮಾಡಿದ್ರೆ ಅವನಿಗೆ ಬರೋದು 0.8 ಮೈಕ್ರೋಸೀವರ್ಟ್. ಸಾಮಾನ್ಯ ಜನರಿಗೆ ವರ್ಷದ ಮಿತಿ 1000 ಮೈಕ್ರೋಸೀವರ್ಟ್, ಅಂದ್ರೆ ಅಂಥ 1200 ಬಾಕ್ಸ್ ಆದ್ರೆ ಅಲ್ಲಿಗೆ ಮುಟ್ಟೋದು. ಆದ್ರೆ ಅದೇ ಬಾಕ್ಸ್‌ನ ಹೊಟ್ಟೆಗೆ ಅವುಚ್ಕೊಂಡು ನಡೆದ್ರೆ ಲೆಕ್ಕ ಬೇರೆ. ಮೇಲ್ಮೈ ಮೇಲೆ ಗಂಟೆಗೆ 500 ಇದೆ ಅಂತಿಟ್ಕೊಳ್ಳಿ, ಒಂದು ನಿಮಿಷಕ್ಕೆ 8 ಆಯ್ತು, ಹತ್ತು ಪಟ್ಟು. ಹಾಗಾಗಿ ಅವನಿಗೆ ಖಡಾಖಂಡಿತವಾಗಿ ಹೇಳಿ, ಟ್ರಾಲಿ ಬಳಸು, ಹ್ಯಾಂಡಲ್ ಇದ್ರೆ ಹ್ಯಾಂಡಲ್‌ನಲ್ಲೇ ಹಿಡಿ, ಎತ್ತಿ ಇಟ್ಟು ದೂರ ಬಾ, ಫ್ಲೈಟ್ ಲೇಟ್ ಅಂತ ಆ ಬಾಕ್ಸ್ ಮೇಲೆ ಕೂತು ಮೊಬೈಲ್ ನೋಡ್ಬೇಡ. ಭಾರ ಇರೋ ಚಿಕ್ಕ ಬಾಕ್ಸ್ ಕೂರಕ್ಕೆ ಸರಿಯಾಗಿರತ್ತೆ, ಅದಕ್ಕೇ ಹೇಳ್ತಿರೋದು. ದಿನಾ ತುಂಬ ಬಾಕ್ಸ್ ಬರೋ ಜಾಗ ಆದ್ರೆ ನಮ್ಮ ಮೈಗೆ ತಾಗೋ ರೇಡಿಯೇಶನ್ ಲೆಕ್ಕ ಯಾರು ನೋಡ್ತಿದಾರೆ ಅಂತ ಸೂಪರ್‌ವೈಸರ್‌ನ ಕೇಳೋ ಹಕ್ಕು ಅವನಿಗಿದೆ, ವರ್ಷಕ್ಕೆ 1 ಮಿಲಿಸೀವರ್ಟ್ ದಾಟೋ ಸಾಧ್ಯತೆ ಇದ್ರೆ ಸಂಸ್ಥೆಯವರು ಅಳತೆ ಮಾಡ್ಲೇಬೇಕು ಅಂತ ನಿಯಮ ಇದೆ. ಜೊತೆ ಕೆಲಸ ಮಾಡೋ ಹೆಣ್ಮಕ್ಕಳು ಬಸುರಿ ಆಗಿದ್ರೆ ಮೇಲಿನವರಿಗೆ ಮೊದಲೇ ತಿಳಿಸಿ ಆ ಕೆಲಸ ಬದಲಾಯಿಸ್ಕೊಳ್ಳಲಿ.

ಬಾಕ್ಸ್ ಬಿತ್ತು, ನಜ್ಜಾಯ್ತು, ಒದ್ದೆ ಕಾಣ್ತಿದೆ ಅಂದ್ರೆ? ಮುಟ್ಬಾರದು, ಒರೆಸ್ಬಾರದು, ನೀರು ಹಾಕಿ ತೊಳೀಬಾರದು. ಸುತ್ತ ಕೆಲವು ಮೀಟರ್ ಜಾಗ ಬಿಟ್ಟು ಹಗ್ಗ ಕಟ್ಟಿ, ಡಿಕ್ಲರೇಶನ್ನಿನಲ್ಲಿ ಇರೋ ಎಮರ್ಜೆನ್ಸಿ ನಂಬರ್‌ಗೆ ಫೋನ್ ಮಾಡಿಸ್ಬೇಕು. ಈಗಾಗ್ಲೇ ಮುಟ್ಟಿದವರು ಅಲ್ಲೇ ಹತ್ರ ಒಂದು ಕಡೆ ಇರ್ಬೇಕು, ಏನೂ ತಿನ್ಬಾರದು, ಬೀಡಿ ಸಿಗರೇಟ್ ಸೇದ್ಬಾರದು, ಮೀಟರ್ ಹಿಡಿದು ಕ್ಲಿಯರ್ ಅಂದ್ಮೇಲೆ ಮನೆಗೆ ಹೋಗ್ಬೇಕು. ಇಷ್ಟೇ. ಒಬ್ಬರಿಗೆ ಪೆಟ್ಟಾಗಿದ್ರೆ ಮಾತ್ರ ಮೊದಲು ಅವರ ಪ್ರಾಣ ನೋಡಿ, ರೇಡಿಯೇಶನ್ ಆಮೇಲೆ.

ಸಂಶೋಧನೆಗೆ ಅಂತ ಹೋಗೋ ಬಾಕ್ಸ್‌ಗಳೂ ತಮ್ಮನ ಕೈಗೆ ಬರ್ಬಹುದು. ಜೀವಶಾಸ್ತ್ರದ ಲ್ಯಾಬ್‌ಗಳಿಗೆ ಫಾಸ್ಫರಸ್-32 ಡ್ರೈ ಐಸ್‌ನಲ್ಲಿ ಬರತ್ತೆ, ಅದಕ್ಕೆ ಸೀಸದ ಬದಲು ಅಕ್ರಿಲಿಕ್ ಡಬ್ಬಿ ಇರತ್ತೆ ಯಾಕಂದ್ರೆ ಅದರಿಂದ ಹೊರಡೋ ಬೀಟಾ ಕಣಗಳು ನೇರ ಸೀಸಕ್ಕೆ ಬಡಿದ್ರೆ ಎಕ್ಸ್‌ರೇ ಹುಟ್ಟತ್ತೆ. ಅಂಥ ಸಣ್ಣ ಪ್ರಮಾಣದ ಬಾಕ್ಸ್‌ನಲ್ಲಿ ಐಸೊಟೋಪ್‌ಗಿಂತ ಡ್ರೈ ಐಸ್‌ನ ಗ್ಯಾಸ್ ಬಗ್ಗೆ ಜಾಸ್ತಿ ಹುಷಾರಾಗಿರ್ಬೇಕು, ಮುಚ್ಚಿದ ಜಾಗದಲ್ಲಿ ಉಸಿರು ಕಟ್ಟತ್ತೆ.

ಅಮ್ಮನ ವಿಷಯಕ್ಕೆ, ಈಗ ನೀವು ಮಾಡ್ಬೇಕಾಗಿರೋದು. ಥೈರಾಕ್ಸಿನ್ ಮಾತ್ರೆ ನೀವಾಗೇ ವಾಪಸ್ ಶುರು ಮಾಡ್ಬೇಡಿ, ಮಾಡಿದ್ರೆ ಟಿಎಸ್‌ಎಚ್ ಕೆಳಗೆ ಬಂದು ಮೊದಲಿಂದ ಕಾಯ್ಬೇಕು. ಆದ್ರೆ ಉಸಿರಾಟ ಕಷ್ಟ, ವಿಪರೀತ ನಿದ್ದೆ ಮಂಪರು, ಎದೆ ನೋವು ಏನಾದ್ರೂ ಕಂಡ್ರೆ ಮುಂದಿನ ವಾರ ಅಂತ ಕಾಯದೇ ತಕ್ಷಣ ಡಾಕ್ಟರ್‌ಗೆ ತೋರ್ಸಿ. ಅಯೋಡಿನ್ ಇಲ್ಲದ ಊಟ ಹಾಗೇ ಮುಂದುವರಿಸೋದಾ ಅಂತ ನ್ಯೂಕ್ಲಿಯರ್ ಮೆಡಿಸಿನ್ ವಿಭಾಗದಲ್ಲೇ ಕೇಳಿ. ಮುಂದಿನ ಡೋಸ್ ಯಾವ ದಿನ ಮುಂಬೈ ಬಿಡತ್ತೆ, ಒಂದು ಫ್ಲೈಟ್ ತಪ್ಪಿದ್ರೆ ಇನ್ನೊಂದು ದಾರಿ ಇಟ್ಕೊಂಡಿದಾರಾ, ಬೆಂಗಳೂರಿಗೆ ತರಿಸಿ ಅಲ್ಲಿಂದ ರಸ್ತೆಯಲ್ಲಿ ತರೋ ವ್ಯವಸ್ಥೆ ಇದ್ಯಾ ಅಂತಾನೂ ಕೇಳಿ, ಅಯೋಡಿನ್‌ಗೆ ಅಷ್ಟು ಹೊತ್ತಿನ ಪ್ರಯಾಣ ಸಮಸ್ಯೆ ಅಲ್ಲ. ಬಂದ ಡೋಸ್ ಒಂದೆರಡು ದಿನ ಹಳೇದಾಗಿದ್ರೆ ಗಾಬರಿ ಆಗ್ಬೇಡಿ, ಕೊಡೋ ಹೊತ್ತಿಗೆ ಡೋಸ್ ಕ್ಯಾಲಿಬ್ರೇಟರ್ ಅನ್ನೋ ಅಳತೆ ಯಂತ್ರದಲ್ಲಿ ಅಳೆದೇ ಕೊಡ್ತಾರೆ, ಕಮ್ಮಿ ಅನ್ಸಿದ್ರೆ ಅವರೇ ಹೇಳ್ತಾರೆ.

ಇನ್ನೊಂದು, ಟ್ರೀಟ್‌ಮೆಂಟ್ ಆದ್ಮೇಲೆ ಅಮ್ಮನೇ ಎಲ್ಲಾದ್ರೂ ವಿಮಾನದಲ್ಲಿ ಹೋಗ್ಬೇಕಾಗಿ ಬಂದ್ರೆ ಎಷ್ಟು ದಿನ ಬಿಟ್ಟು ಹೋಗ್ಬಹುದು ಅಂತ ಡಿಸ್ಚಾರ್ಜ್ ದಿನ ಕೇಳಿ ಬರೆಸ್ಕೊಳ್ಳಿ. ಕೆಲವು ವಾರಗಳವರೆಗೂ ಮೈಯಲ್ಲಿ ಉಳಿದಿರೋ ಚೂರು ಅಯೋಡಿನ್ನಿಗೆ ರೇಡಿಯೇಶನ್ ಡಿಟೆಕ್ಟರ್ ಇರೋ ಏರ್‌ಪೋರ್ಟ್‌ಗಳಲ್ಲಿ ಅಲಾರಂ ಹೊಡೆಯೋ ಸಾಧ್ಯತೆ ಇದೆ, ಹೊರದೇಶದಲ್ಲಿ ಇದು ಜಾಸ್ತಿ. ಯಾವ ಐಸೊಟೋಪ್, ಎಷ್ಟು ಡೋಸ್, ಯಾವ ತಾರೀಕು ಅಂತ ಆಸ್ಪತ್ರೆ ಲೆಟರ್‌ಹೆಡ್‌ನಲ್ಲಿ ಬರೆದ ಪತ್ರ ಹ್ಯಾಂಡ್‌ಬ್ಯಾಗ್‌ನಲ್ಲೇ ಇರ್ಲಿ, ಚೆಕ್ ಇನ್ ಲಗೇಜ್‌ಗೆ ಹಾಕ್ಬೇಡಿ.